ಗುಡ್ಡದ ಗುಡಿಯಲ್ಲಿ ತಾಳಿ ಕಟ್ಟಿದರೆ ಮದುವೆ ಆಯಿತೇ?

ಮನೆಯವರಿಗೆ ಹೇಳದೆ ಇಬ್ಬರು ಊರು ಬಿಟ್ಟು, ಬೆಟ್ಟದ ಮೇಲಿನ ಗುಡಿಯೊಂದರಲ್ಲಿ ಹಾರ ಬದಲಾಯಿಸಿಕೊಂಡು, ಆಮೇಲೆ ನಾಲ್ಕಾರು ಗೆಳೆಯರೊಂದಿಗೆ ಊಟ ಮಾಡಿ ಮುಗಿಸುವ ಮದುವೆಯ ಸುತ್ತ ನಂಬಿಕೆಗಳು ಬೇಕಾದಷ್ಟಿವೆ. ಅರ್ಧ ಸಿನಿಮಾದಿಂದ ಬಂದವು, ಅರ್ಧ ಅರಳಿಕಟ್ಟೆಯಿಂದ. ಹೊನ್ನಾಳಿ ತಾಲ್ಲೂಕಿನ ಸಾಸ್ವೆಹಳ್ಳಿ ಸೀಮೆಗೆ ಹತ್ತಿರದ ಬೆಟ್ಟ ನ್ಯಾಮತಿ ತಾಲ್ಲೂಕಿನ ಬೆಳಗುತ್ತಿ ಬಳಿಯ ತೀರ್ಥರಾಮೇಶ್ವರ. ಇನ್ನೂ ದೂರ ಹೋಗುವವರಿಗೆ ಕೊಡಚಾದ್ರಿ, ಬಾಬಾಬುಡನ್‌ಗಿರಿಗಳಿವೆ. ಬೆಟ್ಟ ಯಾವುದಾದರೂ ಕಾನೂನು ಒಂದೇ.

ಹೆತ್ತವರು ಒಪ್ಪದಿದ್ದರೆ ಮದುವೆ ಊರ್ಜಿತವಲ್ಲ ಎಂಬುದು ಮೊದಲ ತಪ್ಪು ತಿಳಿವಳಿಕೆ. ಹುಡುಗನಿಗೆ 21, ಹುಡುಗಿಗೆ 18 ತುಂಬಿ ಇಬ್ಬರೂ ಮನಸಾರೆ ಒಪ್ಪಿದ್ದರೆ ಮನೆಯವರ, ಕುಲದವರ, ಊರ ಹಿರಿಯರ ಒಪ್ಪಿಗೆ ಬೇಕಿಲ್ಲ. ಬೆಳಗಾವಿ ಜಿಲ್ಲೆಯ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2021ರ ಫೆಬ್ರುವರಿಯಲ್ಲಿ ಇದನ್ನೇ ಮತ್ತೊಮ್ಮೆ ಸ್ಪಷ್ಟಪಡಿಸಿತು. ಮಗಳು ಕಾಣೆಯಾಗಿದ್ದಾಳೆ ಎಂದು ತಂದೆ ದೂರು ಕೊಟ್ಟಿದ್ದರು. ಮಗಳು ಮದುವೆಯಾಗಿರುವುದಾಗಿ ತಿಳಿಸಿದ್ದರೂ ಠಾಣೆಗೆ ಬಂದು ಹೇಳಿಕೆ ಕೊಡಬೇಕೆಂದು ಪೊಲೀಸರು ಪಟ್ಟು ಹಿಡಿದಿದ್ದರು. ನ್ಯಾಯಾಲಯ ಎಫ್‌ಐಆರ್ ರದ್ದುಪಡಿಸಿ, ಇಂಥ ಪ್ರಕರಣಗಳನ್ನು ನಿಭಾಯಿಸುವ ಬಗ್ಗೆ ಪೊಲೀಸರಿಗೆ ತರಬೇತಿ ಕೊಡಬೇಕೆಂದಿತು.

ಆದರೆ ವಯಸ್ಸಿನ ವಿಷಯದಲ್ಲಿ ರಿಯಾಯಿತಿ ಇಲ್ಲ. ಒಮ್ಮೆ ತಾಳಿ ಬಿದ್ದರೆ ಯಾರೂ ಏನೂ ಮಾಡಲಾಗದು ಎಂಬ ಮಾತು ಅಪಾಯಕಾರಿ. ಬಾಲ್ಯವಿವಾಹ ನಿಷೇಧ ಕಾಯ್ದೆಗೆ ಕರ್ನಾಟಕ ತಂದಿರುವ ತಿದ್ದುಪಡಿಯ ಪ್ರಕಾರ ಇಲ್ಲಿ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ಹುಡುಗಿಗೆ 18 ತುಂಬಲು ಒಂದು ವಾರ ಬಾಕಿಯಿದ್ದರೂ, ಅವಳೇ ಇಷ್ಟಪಟ್ಟು ಹೋಗಿದ್ದರೂ, ಪೋಕ್ಸೊ ಕಾಯ್ದೆಯ ಕಣ್ಣಿನಲ್ಲಿ ಅವಳ ಒಪ್ಪಿಗೆ ಒಪ್ಪಿಗೆಯಲ್ಲ.

ಇನ್ನು ವಿಧಿಯ ಮಾತು. ಸಪ್ತಪದಿ ತುಳಿಯದಿದ್ದರೆ ಹಿಂದೂ ಮದುವೆಯೇ ಅಲ್ಲ ಎಂದು ಹಲವರು ಹೇಳುತ್ತಾರೆ. 1955ರ ಹಿಂದೂ ವಿವಾಹ ಕಾಯ್ದೆಯ 7ನೇ ಕಲಂ ಅಷ್ಟು ಬಿಗಿಯಾಗಿಲ್ಲ. ವಧು ಅಥವಾ ವರ, ಇಬ್ಬರಲ್ಲಿ ಒಬ್ಬರ ಕಡೆಯ ರೂಢಿಯಂತೆ ವಿಧಿ ನಡೆದರೆ ಸಾಕು. ಆ ರೂಢಿಯಲ್ಲಿ ಸಪ್ತಪದಿ ಇದ್ದರೆ ಮಾತ್ರ ಏಳನೇ ಹೆಜ್ಜೆಗೆ ಮದುವೆ ಪೂರ್ಣ. ಹಾಗೆಂದು ಹಾರ ಹಾಕಿ ಫೋಟೊ ತೆಗೆಸಿಕೊಂಡದ್ದೇ ವಿಧಿಯಾಗದು. ಛಾಪಾ ಕಾಗದದ ಮೇಲೆ ‘ನಾವಿಬ್ಬರೂ ಗಂಡ ಹೆಂಡತಿ’ ಎಂದು ಬರೆಸಿ ನೋಟರಿಯ ಮೊಹರು ಹಾಕಿಸಿದರೂ ಅದು ಪ್ರಮಾಣಪತ್ರವೇ ಹೊರತು ಮದುವೆಯಲ್ಲ.

ನೋಂದಣಿಯ ಬಗ್ಗೆ ಎರಡು ತದ್ವಿರುದ್ಧ ನಂಬಿಕೆಗಳಿವೆ, ಎರಡೂ ತಪ್ಪು. ನೋಂದಣಿ ಆಗದಿದ್ದರೆ ಮದುವೆ ನಿಲ್ಲದು ಎನ್ನುವವರಿಗೆ ಹಿಂದೂ ವಿವಾಹ ಕಾಯ್ದೆಯ 8ನೇ ಕಲಂ ಉತ್ತರ ಕೊಡುತ್ತದೆ: ನೋಂದಣಿಯಾಗದ ಮಾತ್ರಕ್ಕೆ ಮದುವೆಯ ಸಿಂಧುತ್ವ ಕೆಡುವುದಿಲ್ಲ. ನೋಂದಣಿ ಪತ್ರವೊಂದಿದ್ದರೆ ಸಾಕು ಎನ್ನುವವರಿಗೆ 2024ರ ಸುಪ್ರೀಂ ಕೋರ್ಟ್ ತೀರ್ಪು ಉತ್ತರ. ವಿಧಿಯೇ ನಡೆಸದೆ ಸಂಸ್ಥೆಯೊಂದರಿಂದ ಪತ್ರ ಪಡೆದು, ಅದರ ಆಧಾರದ ಮೇಲೆ ನೋಂದಾಯಿಸಿಕೊಂಡಿದ್ದ ಜೋಡಿಯ ಮದುವೆ ಮದುವೆಯೇ ಅಲ್ಲವೆಂದು ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠ ಹೇಳಿತು. ಮದುವೆಯೆಂದರೆ ಹಾಡು, ಕುಣಿತ, ಊಟೋಪಚಾರದ ಸಮಾರಂಭವಲ್ಲ ಎಂದೂ ಆ ಪೀಠ ನೆನಪಿಸಿತು. ಬೆಟ್ಟದ ಮದುವೆಗೆ ಹೊರಟವರಿಗೆ ಇದಕ್ಕಿಂತ ನೇರವಾದ ಎಚ್ಚರಿಕೆ ಬೇಕಿಲ್ಲ.

‘ರಿಜಿಸ್ಟರ್ ಮದುವೆ’ ಎಂದರೆ ಬೆಳಿಗ್ಗೆ ಹೋಗಿ ಸಹಿ ಹಾಕಿ ಮಧ್ಯಾಹ್ನ ಹೊರಬರುವುದು ಎಂಬ ಕಲ್ಪನೆ ತೆರೆಯ ಮೇಲಷ್ಟೇ ನಿಜ. 1954ರ ವಿಶೇಷ ವಿವಾಹ ಕಾಯ್ದೆಯ ಪ್ರಕಾರ ಇಬ್ಬರಲ್ಲಿ ಒಬ್ಬರು ಕನಿಷ್ಠ 30 ದಿನ ವಾಸವಿರುವ ವ್ಯಾಪ್ತಿಯ ವಿವಾಹ ಅಧಿಕಾರಿಗೆ ನೋಟಿಸ್ ಕೊಡಬೇಕು. ಅದನ್ನು ಕಚೇರಿಯ ಗೋಡೆಗೆ ಹಚ್ಚುತ್ತಾರೆ. 30 ದಿನದೊಳಗೆ ಆಕ್ಷೇಪಣೆ ಬಾರದಿದ್ದರೆ, ನೋಟಿಸ್ ಕೊಟ್ಟು ಮೂರು ತಿಂಗಳು ಮೀರುವ ಮುನ್ನ, ಮೂವರು ಸಾಕ್ಷಿಗಳ ಮುಂದೆ ಮದುವೆ. ಗುಟ್ಟಾಗಿ ಮದುವೆಯಾಗಬೇಕೆನ್ನುವವರಿಗೆ ಆ ಗೋಡೆಯ ಚೀಟಿಯೇ ದೊಡ್ಡ ತೊಡಕು. ಹೆಚ್ಚುವರಿ ಶುಲ್ಕ ಕಟ್ಟಿದರೆ ಅಧಿಕಾರಿ ಕಚೇರಿಯ ಹೊರಗೆ, ಸಮೀಪದ ಸ್ಥಳಕ್ಕೆ ಬಂದು ನೆರವೇರಿಸಲೂ ಅವಕಾಶವಿದೆ. ಹೊನ್ನಾಳಿಯವರು ಮುಳ್ಳಯ್ಯನಗಿರಿಯ ತುದಿಗೆ ಕರೆದರೆ ಅದು ಸಮೀಪವಾಗದು.

ಪುರೋಹಿತರಿಲ್ಲದ, ಮುಹೂರ್ತವಿಲ್ಲದ ಸರಳ ಮದುವೆ ಹೊಸ ಪೀಳಿಗೆಯ ಷೋಕಿ ಎಂಬ ದೂರೂ ಇದೆ. ಕುವೆಂಪು ರೂಪಿಸಿದ ಮಂತ್ರ ಮಾಂಗಲ್ಯದ ಪದ್ಧತಿಯಲ್ಲಿ ಪೂರ್ಣಚಂದ್ರ ತೇಜಸ್ವಿ ಮತ್ತು ರಾಜೇಶ್ವರಿ ಅವರ ಮದುವೆ ನಡೆದದ್ದು 1966ರಲ್ಲಿ, ಮೂಡಿಗೆರೆ ಕಡೆಯ ತೋಟದಲ್ಲಿ. ಅಲ್ಲಿ ಹಿರಿಯರ ಹಾರೈಕೆಯಿತ್ತು, ಆಡಂಬರವಿರಲಿಲ್ಲ. ಪುರೋಹಿತರಿಲ್ಲದ ಇಂಥ ಮದುವೆಗೆ ತಮಿಳುನಾಡು ಹಿಂದೂ ವಿವಾಹ ಕಾಯ್ದೆಗೆ ತಂದ ತನ್ನ ತಿದ್ದುಪಡಿಯಲ್ಲಿ 7ಎ ಕಲಂ ಸೇರಿಸಿದೆ. ಕರ್ನಾಟಕದಲ್ಲಿ ಅಂಥ ಕಲಂ ಇಲ್ಲ. ಆದ್ದರಿಂದ ಮಂತ್ರ ಮಾಂಗಲ್ಯವಾದವರು ವಿಶೇಷ ವಿವಾಹ ಕಾಯ್ದೆಯಡಿ ನೋಂದಾಯಿಸಿಕೊಳ್ಳುವುದು ಒಳ್ಳೆಯದು.

ಚಳಿಗಾಲದ ನಂಬಿಕೆ ಇನ್ನೊಂದು: ಧನುರ್ಮಾಸ ಶೂನ್ಯಮಾಸ, ಆಗ ಕಟ್ಟಿದ ತಾಳಿ ನಿಲ್ಲದು. ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗೆ ಕಲ್ಯಾಣ ಮಂಟಪಗಳು ಖಾಲಿ ಬೀಳುವುದು ಇದರಿಂದಲೇ. ಮಂಟಪದವರಿಗೆ ಅದು ನಷ್ಟ, ಕಾನೂನಿಗೆ ಅದು ಲೆಕ್ಕಕ್ಕಿಲ್ಲ. ಯಾವ ವಿವಾಹ ಕಾಯ್ದೆಯಲ್ಲೂ ತಿಥಿ, ನಕ್ಷತ್ರಗಳಿಲ್ಲ. ಚಳಿಗಾಲದಲ್ಲೇ ಹೊರನಾಡಿನ ಬೆಟ್ಟದ ಮದುವೆಗಳ ಚಿತ್ರ ನೋಡಿ ನಮ್ಮ ಗಿರಿಗಳಲ್ಲೂ ಹಿಮ ಬೀಳುತ್ತದೆಂದು ಹೊರಡುವವರಿದ್ದಾರೆ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯಲ್ಲೂ ಕಾಣುವುದು ಮಂಜು. ಆಗ ಹುಲ್ಲು ಒಣಗಿರುತ್ತದೆ. ಮೀಸಲು ಅರಣ್ಯದಲ್ಲಿ ಚಳಿ ಕಾಯಿಸಲು ಬೆಂಕಿ ಹಾಕುವುದು ಅಪರಾಧ.

ಊರಿಗೆಲ್ಲ ಊಟ ಹಾಕದ ಮದುವೆಗೆ ಬೆಲೆಯಿಲ್ಲ ಎಂಬುದನ್ನು ಬೇಗ ಮುಗಿಸಬಹುದು: ಆರತಕ್ಷತೆಯಾಗಲಿ ಬೀಗರೂಟವಾಗಲಿ ಕಾನೂನಿನ ಅಗತ್ಯವಲ್ಲ. ಹತ್ತು ಜನರ ಊಟವೂ ಊಟವೇ.

ಕೊನೆಯದು, ಮನೆಗಳಲ್ಲಿ ಬೆದರಿಕೆಯಾಗಿ ಹೆಚ್ಚು ಬಳಕೆಯಾಗುವುದು: ಓಡಿಹೋದ ಮಗಳಿಗೆ ಆಸ್ತಿಯಲ್ಲಿ ಪಾಲಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳು ಮಗನಷ್ಟೇ ಹಕ್ಕುದಾರಳು. ಆ ಹಕ್ಕು ಹುಟ್ಟಿನಿಂದ ಬಂದದ್ದೆಂದು 2020ರಲ್ಲಿ ಸುಪ್ರೀಂ ಕೋರ್ಟ್ ಖಚಿತಪಡಿಸಿದೆ. ಅವಳು ಯಾರನ್ನು, ಎಲ್ಲಿ ಮದುವೆಯಾದಳು ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ಆದರೆ ತಂದೆ ತಾನೇ ಗಳಿಸಿದ ಆಸ್ತಿಯನ್ನು ಉಯಿಲಿನ ಮೂಲಕ ಬೇಕಾದವರಿಗೆ ಬರೆದುಕೊಡಬಹುದು.