ವನವಿಹಾರಕ್ಕೂ ಒಂದು ಪಥ್ಯ

ರಾಮಾಯಣದ ಕಾಲದಲ್ಲಿ ವನವಾಸವು ಶಿಕ್ಷೆಯಾಗಿತ್ತು. ಇಂದಿನ ಮಹಾನಗರವಾಸಿಗೆ ಅದು ಭಾಗ್ಯ. ಹೊಗೆ, ಗದ್ದಲ, ಧಾವಂತಗಳಿಂದ ಬಳಲಿದ ದೇಹಕ್ಕೆ ಹಸುರಿನ ನಡುವಿನ ನಡಿಗೆಯು ವ್ಯಾಯಾಮವೂ ಹೌದು, ಮನಸ್ಸಿಗೆ ವಿಶ್ರಾಂತಿಯೂ ಹೌದು. ಆದರೆ ಆರೋಗ್ಯವನ್ನರಸಿ ಹೋದವರಿಂದಲೇ ಅರಣ್ಯವು ಅಸ್ವಸ್ಥವಾದರೆ ಗತಿಯೇನು? ಕೇರಳದ ಎರಡು ತಾಣಗಳು ಈ ವಿಷಯದಲ್ಲಿ ಗಮನಾರ್ಹವಾಗಿವೆ.

ಕೊಚ್ಚಿಯಲ್ಲಿ ಉಚ್ಚ ನ್ಯಾಯಾಲಯದ ಹಿಂಬದಿಗಿರುವ ಮಂಗಳವನದ ವಿಸ್ತೀರ್ಣ ಕೇವಲ 2.74 ಹೆಕ್ಟೇರು. ಹಿನ್ನೀರಿನ ಉಬ್ಬರವಿಳಿತದಿಂದ ಜೀವ ತಳೆದ ಈ ಕಾಂಡ್ಲಾವನವು 2004ರಲ್ಲಿ ಪಕ್ಷಿಧಾಮವಾಯಿತು. ಬೇರೆಡೆ ನೆಲೆಯಿಲ್ಲದ ಹಕ್ಕಿಗಳಿಗೆ ಇದು ಇರುಳಿನ ಆಸರೆ. ಇಷ್ಟು ಕಿರಿದಾದ ತಾಣದಲ್ಲಿ ಒಂದು ಗುಂಪಿನ ಕೂಗಾಟವೂ ಇಡೀ ವನವನ್ನೇ ಬೆಚ್ಚಿಬೀಳಿಸಬಲ್ಲದು.

ತಿರುವನಂತಪುರದ ಸಮೀಪದ ಅಗಸ್ತ್ಯಕೂಟವು 1868 ಮೀಟರ್ ಎತ್ತರದ ಶಿಖರ; ಕಾಣಿ ಬುಡಕಟ್ಟಿನವರಿಗೆ ಪವಿತ್ರ ಕ್ಷೇತ್ರ. ಇದನ್ನೊಳಗೊಂಡ ಅಗಸ್ತ್ಯಮಲೆಯು 2001ರಲ್ಲಿ ಜೀವಗೋಳ ಸಂರಕ್ಷಿತ ಪ್ರದೇಶವಾಗಿ, 2016ರಲ್ಲಿ ಯುನೆಸ್ಕೋ ಜಾಲಕ್ಕೆ ಸೇರಿತು. ಇಲ್ಲಿ ಚಾರಣಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು; ಋತು ನಿಯತ, ದಿನದ ಸಂಖ್ಯೆ ಮಿತ. ಬಹುಕಾಲ ಸ್ತ್ರೀಯರಿಗಿದ್ದ ನಿರ್ಬಂಧವು ಉಚ್ಚ ನ್ಯಾಯಾಲಯದ ತೀರ್ಪಿನಿಂದ ತೆರವಾಗಿ, 2019ರಲ್ಲಿ ಅವರೂ ಶಿಖರವೇರಿದರು. ಮಿತಿಯೆಂಬುದು ಯಾರನ್ನೂ ದೂರವಿಡಲು ಅಲ್ಲ, ಕಾಡನ್ನು ಉಳಿಸಲು ಎಂಬುದು ಇದರಿಂದ ಸ್ಪಷ್ಟ.

ಮಿತಿ ಏಕೆ? ಸಹಸ್ರ ಪಾದಗಳು ತುಳಿದ ಮಣ್ಣು ಗಟ್ಟಿಯಾಗುತ್ತದೆ. ಮಳೆನೀರು ಇಂಗದೆ ಮೇಲ್ಮಣ್ಣನ್ನು ಕೊಚ್ಚಿಕೊಂಡು ಹರಿಯುತ್ತದೆ. ಬೇರುಗಳು ಹೊರಬಂದು ಮರ ಸೊರಗುತ್ತದೆ. ಈ ವನಶ್ರೇಣಿಯಲ್ಲಿ ಹುಟ್ಟುವ ಕರಮನ ನದಿಯ ನೀರೇ ಪೇಪ್ಪಾರ ಜಲಾಶಯದಲ್ಲಿ ನಿಂತು, ತಿರುವನಂತಪುರದ ನಲ್ಲಿಗಳಿಗೆ ಬರುತ್ತದೆ. ಕಾಡಿನ ಆರೋಗ್ಯವೇ ನಾಡಿನ ಆರೋಗ್ಯ.

1987ರಲ್ಲಿ ಈ ಬೆಟ್ಟಗಳಲ್ಲಿ ಸಂಚರಿಸುತ್ತಿದ್ದ ವಿಜ್ಞಾನಿಗಳು, ತಮ್ಮ ಮಾರ್ಗದರ್ಶಕರಾದ ಕಾಣಿ ಜನರು ಒಂದು ಕಾಯನ್ನು ತಿಂದು ದಣಿವಿಲ್ಲದೆ ನಡೆಯುವುದನ್ನು ಕಂಡರು. ಆ ಗಿಡವೇ ಆರೋಗ್ಯಪಚ್ಚ. ಅದರಿಂದ ‘ಜೀವನಿ’ ಎಂಬ ಔಷಧಿ ಸಿದ್ಧವಾಯಿತು. ಅದರ ಆದಾಯದಲ್ಲಿ ಕಾಣಿ ಸಮುದಾಯಕ್ಕೂ ಪಾಲು ದೊರೆಯಿತು. ಬೆಟ್ಟದ ನೆಳಲಿನಲ್ಲಿ ಬೆಳೆಯುವ ಇಂಥ ಸಸ್ಯಗಳು ಅಳಿದರೆ, ಅವುಗಳ ಗುಣವನ್ನರಿಯುವ ಅವಕಾಶವೂ ಅಳಿಯುತ್ತದೆ.

ನಮ್ಮ ಕುಮಾರಪರ್ವತದಲ್ಲಿಯೂ 2024ರ ಜನವರಿಯಲ್ಲಿ ಚಾರಣಿಗರು ಮಿತಿಮೀರಿ ನೆರೆದ ಬಳಿಕ, ಕರ್ನಾಟಕ ಅರಣ್ಯ ಇಲಾಖೆಯು ಚಾರಣಕ್ಕೆ ಮುಂಗಡ ನೋಂದಣಿಯನ್ನು ವಿಧಿಸಿತು.

ರಜೆಯಲ್ಲಿ ಸಂಸಾರಸಮೇತ ಕಾಡಿಗೆ ಹೋಗುವವರು ಅನುಮತಿ ಪಡೆದು, ಕಾಲುದಾರಿಯನ್ನು ಬಿಡದೆ, ಮೌನವಾಗಿ ನಡೆದು, ತಂದ ಪ್ಲಾಸ್ಟಿಕ್ಕನ್ನು ಹಿಂದಕ್ಕೊಯ್ಯಬೇಕು. ಔಷಧಿಗೆ ಪಥ್ಯವಿರುವಂತೆ ವನವಿಹಾರಕ್ಕೂ ಪಥ್ಯವುಂಟು. ಅದನ್ನು ಪಾಲಿಸಿದರೆ ಮಾತ್ರ ಮಕ್ಕಳಿಗೂ ಆ ಔಷಧಿ ಉಳಿದೀತು.