ಸಂಜ್ಞೆಯೂ ಸ್ಥಾನವೂ: ಪಪೆಟ್ ಬರೆಹದ ಒಂದು ಎಚ್ಚರಿಕೆ

ಗಣಕಯಂತ್ರಗಳ ವ್ಯವಸ್ಥೆಯನ್ನು ಲಿಖಿತ ವಿಧಿಗಳಿಂದ ನಿಯಮಿಸುವ ಪಪೆಟ್ ಎಂಬ ಸಾಧನವು 2005ರಲ್ಲಿ ಪ್ರಕಟವಾಯಿತು. ಇದರಲ್ಲಿ ವಿಧಿಗಳ ಸಮೂಹಕ್ಕೆ ಕ್ಲಾಸ್ ಎಂದೂ, ಕ್ಲಾಸುಗಳನ್ನೊಳಗೊಂಡ ಕಡತಕೋಶಕ್ಕೆ ಮಾಡ್ಯೂಲ್ ಎಂದೂ ಸಂಜ್ಞೆ. ಪಪೆಟ್ ಕ್ಲಾಸಿನ ಹೆಸರನ್ನು ಹಿಡಿದೇ ಕಡತವನ್ನು ಹುಡುಕುವುದರಿಂದ ಸಂಜ್ಞೆಯೇ ಸ್ಥಾನವನ್ನು ನಿರ್ಣಯಿಸುತ್ತದೆ. 'ಅಪಾಚೆ' ಎಂಬ ಕ್ಲಾಸು ಅಪಾಚೆ ಮಾಡ್ಯೂಲಿನ ಮ್ಯಾನಿಫೆಸ್ಟ್ಸ್ ಕೋಶದ 'ಇನಿಟ್.ಪಿಪಿ' ಕಡತದಲ್ಲಿಯೂ, 'ಅಪಾಚೆ::ಎಸ್‌ಎಸ್‌ಎಲ್' ಎಂಬುದು ಅದೇ ಕೋಶದ 'ಎಸ್‌ಎಸ್‌ಎಲ್.ಪಿಪಿ'ಯಲ್ಲಿಯೂ ಇರತಕ್ಕದ್ದು.

ಈ ಹೊಂದಿಕೆ ತಪ್ಪಿದಲ್ಲಿ ಪಪೆಟ್-ಲಿಂಟ್ ಎಂಬ ಪರೀಕ್ಷಕವು ಎಚ್ಚರಿಸುತ್ತದೆ. ದೋಷವು ಸಾಮಾನ್ಯವಾಗಿ ಮೂರು ಬಗೆ: ಕಡತದ ಹೆಸರು ಬೇರೆಯಾಗಿರುವುದು, ಒಂದೇ ಕಡತದಲ್ಲಿ ಎರಡು ಕ್ಲಾಸುಗಳು ಸೇರಿರುವುದು, ಮಾಡ್ಯೂಲಿನ ಕೋಶಕ್ಕೇ 'ಪಪೆಟ್-ಅಪಾಚೆ' ಎಂಬಂತೆ ಅನ್ಯನಾಮವಿರುವುದು. ಕಡೆಯದರಲ್ಲಿ ಬರೆಹವೆಲ್ಲ ಶುದ್ಧವಾಗಿದ್ದರೂ ಎಚ್ಚರಿಕೆ ಹುಟ್ಟುತ್ತದೆ. ಆಗ ಬರೆಹವನ್ನು ತಿದ್ದುವುದು ವ್ಯರ್ಥ. ಕೋಶದ ಹೆಸರನ್ನೇ ಸರಿಪಡಿಸಬೇಕು.

ಎಚ್ಚರಿಕೆಯನ್ನು ಅಡಗಿಸುವುದು ಪರಿಹಾರವಲ್ಲ. ಓಲೆಯ ಕಟ್ಟಿನ ಮೇಲೆ ಒಂದು ಗ್ರಂಥದ ಹೆಸರೂ ಒಳಗೆ ಮತ್ತೊಂದು ಗ್ರಂಥವೂ ಇದ್ದರೆ, ಓಲೆಗಳು ಉಳಿದಿದ್ದರೂ ಗ್ರಂಥವು ನಷ್ಟವಾದಂತೆಯೇ. ಓಲೆಗಳನ್ನು ಓದಿ ಗ್ರಂಥವನ್ನು ಗುರುತಿಸುವ ವಿದ್ವಾಂಸನಾದರೂ ಅಲ್ಲಿ ಉಂಟು. ಯಂತ್ರಕ್ಕೆ ಹೆಸರೊಂದೇ ಆಧಾರ.