ಕೂಗಿಗೆ ಓಗೊಡುವ ಬಗೆ

ಒಗ್ಗರಣೆಗೆ ಹಾಕಿದ ಸಾಸಿವೆ ಸಿಡಿಯುವ ಮೊದಲೇ ಹಜಾರದಿಂದ ಕೂಗು ಶುರುವಾಗುತ್ತಿತ್ತು. ಒಂದೇ ಸ್ವರ, ಮೊನಚಾದದ್ದು, ಕೊನೆಯಲ್ಲಿ ತುಸು ಮೇಲೇರುವಂಥದ್ದು. ಮೂರು ಸಲ ಕೂಗಿ ಒಂದು ಬಿಡುವು, ಮತ್ತೆ ಮೂರು ಸಲ. ಬಾಣಲೆ ಇಳಿಸಿ "ಬಂದೆ ಕಣೋ, ಬಂದೆ" ಎನ್ನುತ್ತ ಪಂಜರದ ಮುಂದೆ ನಿಂತರೆ ಮುತ್ತು ಸುಮ್ಮನಾಗುತ್ತಿದ್ದ. ಜುಟ್ಟು ಇಳಿಸಿ, ತಲೆ ಬಗ್ಗಿಸಿ, ಕತ್ತು ಕೆರೆಯಲು ಒಡ್ಡುತ್ತಿದ್ದ. ನಾನು ಒಲೆಯತ್ತ ತಿರುಗಿದರೆ ಮತ್ತೆ ಅದೇ.

ಮುತ್ತು ನಮ್ಮ ಮನೆಯ ಕಾಕಟೀಲ್. ಬೂದು ಮೈ, ಹಳದಿ ಮುಖ, ಕೆನ್ನೆಯ ಮೇಲೆ ಕಿತ್ತಳೆ ಬಣ್ಣದ ದುಂಡು ಬೊಟ್ಟು. ತೂಕ 90 ಗ್ರಾಂ. ಅಷ್ಟು ಪುಟ್ಟ ಎದೆಯಿಂದ ಹೊರಟ ಸದ್ದು ಎರಡು ಮಹಡಿ ಇಳಿದು ಹೋಗುತ್ತಿತ್ತು. ಕೆಳಗಿನ ಮನೆಯ ಅಜ್ಜಿ ಒಂದು ದಿನ ಮೆಟ್ಟಿಲ ಬಳಿ ನಿಲ್ಲಿಸಿ ಕೇಳಿದರು: "ಏನಮ್ಮಾ, ನಿಮ್ಮ ಹಕ್ಕಿಗೆ ಎಲ್ಲಾದ್ರೂ ನೋವಾ? ಯಾವಾಗ್ಲೂ ಅಳ್ತಾನೇ ಇರತ್ತಲ್ಲ." ಅವರು ದೂರು ಹೇಳಲು ನಿಲ್ಲಿಸಿರಲಿಲ್ಲ, ನಿಜವಾಗಿಯೂ ಕೇಳಿದ್ದರು. ಅದಕ್ಕೇ ಆ ಮಾತು ಮನಸ್ಸಿನಲ್ಲಿ ಉಳಿಯಿತು. ಸದ್ದು ನಿಲ್ಲಿಸುವುದು ಹೇಗೆ ಎಂದಷ್ಟೇ ಅಲ್ಲಿಯವರೆಗೆ ಯೋಚಿಸುತ್ತಿದ್ದೆ. ಈ ಹಕ್ಕಿ ಏನು ಹೇಳುತ್ತಿದೆ ಎಂದು ಕೇಳಿಕೊಂಡಿರಲಿಲ್ಲ.

ಕನ್ನಡದಲ್ಲಿ ದೂರವನ್ನು ಅಳೆಯಲು ಒಂದು ಸೊಗಸಾದ ಮಾತಿದೆ: ಕೂಗಳತೆ. ತೋಟದ ಒಂದು ಮೂಲೆಯಲ್ಲಿ ನಿಂತು ಕೂ ಹಾಕಿದರೆ ಮನೆಯವರು ಓಗೊಡಬಲ್ಲ ದೂರ. ಕಣ್ಣಿಗೆ ಕಾಣದಿದ್ದರೂ ಪರವಾಗಿಲ್ಲ, ಕಿವಿಗೆ ಸಿಕ್ಕರೆ ನೀನು ಒಂಟಿಯಲ್ಲ ಎಂಬ ಲೆಕ್ಕ. ಕಾಕಟೀಲ್‌ಗಳ ಬದುಕು ನಡೆಯುವುದೇ ಈ ಅಳತೆಯ ಮೇಲೆ.

ಅವುಗಳ ತವರು ಆಸ್ಟ್ರೇಲಿಯಾದ ಒಳನಾಡು. ಮಳೆ ಯಾವಾಗ, ಎಲ್ಲಿ ಬೀಳುತ್ತದೆಂದು ಹೇಳಲಾಗದ ಒಣ ಬಯಲು ಅದು. ಹುಲ್ಲಿನ ಬೀಜ ಎಲ್ಲಿ ಬಲಿತಿದೆ, ನೀರು ಎಲ್ಲಿ ನಿಂತಿದೆ ಎಂದು ಹುಡುಕುತ್ತ ಹಿಂಡು ಹಿಂಡಾಗಿ ಅಲೆಯುತ್ತವೆ. ನೀರಿನ ಹತ್ತಿರದ ನೀಲಗಿರಿ ಜಾತಿಯ ಮರಗಳ ಪೊಟರೆಗಳಲ್ಲಿ ಮೊಟ್ಟೆಯಿಡುತ್ತವೆ. ಹಗಲು ಗಂಡು, ರಾತ್ರಿ ಹೆಣ್ಣು ಕಾವು ಕೊಡುತ್ತವೆ. ಸ್ಕಾಟ್ಲೆಂಡಿನ ರಾಬರ್ಟ್ ಕೆರ್ 1790ರ ದಶಕದಲ್ಲಿ ಈ ಹಕ್ಕಿಯನ್ನು ವಿಜ್ಞಾನದ ಲೆಕ್ಕಕ್ಕೆ ಸೇರಿಸಿದ. ಇಂದು ಅದರ ಹೆಸರು ನಿಂಫಿಕಸ್ ಹಾಲಂಡಿಕಸ್. ಆಸ್ಟ್ರೇಲಿಯಾಕ್ಕೆ ಆಗ ನ್ಯೂ ಹಾಲೆಂಡ್ ಎಂಬ ಹೆಸರಿದ್ದುದರ ನೆನಪು ಅದರಲ್ಲಿ ಉಳಿದಿದೆ. ಉದ್ದ ಬಾಲ, ತೆಳು ಮೈ ನೋಡಿ ಇದನ್ನು ಸಣ್ಣ ಗಿಳಿಗಳ ಗುಂಪಿಗೆ ಸೇರಿಸಬೇಕೆ ಎಂಬ ತರ್ಕ ಬಹುಕಾಲ ನಡೆಯಿತು. ಡಿಎನ್‌ಎ ಪರೀಕ್ಷೆಗಳು ಅದನ್ನು ಮುಗಿಸಿದವು: ಇದು ಕಾಕಟೂ ಬಳಗದ ಅತಿ ಚಿಕ್ಕ ಸದಸ್ಯ. ಕಾಕಟೂಗಳು ಗಂಟಲಿಗೆ ಹೆಸರಾದ ಬಳಗ.

ಬಯಲಲ್ಲಿ ಹಿಂಡು ತಪ್ಪಿದ ಹಕ್ಕಿ ಗಿಡುಗನ ಪಾಲಾಗಬಹುದು. ಹಾಗಾಗಿ ಮೇಯುವಾಗ, ಹಾರುವಾಗ, ಮರ ಬದಲಿಸುವಾಗ ಅವು ಕರೆಯುತ್ತಲೇ ಇರುತ್ತವೆ. ‘ಇಲ್ಲಿದ್ದೇನೆ, ಎಲ್ಲಿದ್ದೀ?’ ಹಕ್ಕಿ ವಿಜ್ಞಾನಿಗಳು ಇದನ್ನು ಸಂಪರ್ಕ ಕೂಗು ಎನ್ನುತ್ತಾರೆ. ಉತ್ತರ ಬಂದರೆ ಹಕ್ಕಿ ಮೇವಿಗೆ ಮರಳುತ್ತದೆ. ಬಾರದಿದ್ದರೆ ಇನ್ನೂ ಗಟ್ಟಿಯಾಗಿ ಕೂಗುತ್ತದೆ. ಉತ್ತರವಿಲ್ಲ ಎಂದರೆ ದೂರ ಹೆಚ್ಚಾಗಿದೆ ಎಂದರ್ಥ, ದೂರ ಹೆಚ್ಚಾದರೆ ದನಿ ಏರಿಸಲೇಬೇಕು.

ಗಿಳಿಗಳ ಲೋಕದಲ್ಲಿ ಈ ಕರೆ ಎಷ್ಟು ಆಳಕ್ಕಿಳಿದಿದೆ ಎಂದು ತೋರಿಸಿದ ಒಂದು ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಕಾರ್ಲ್ ಬರ್ಗ್ ಮತ್ತು ಸಂಗಡಿಗರು ವೆನೆಜುವೆಲಾದಲ್ಲಿ ಗುಬ್ಬಿಗಾತ್ರದ ಕಾಡು ಗಿಳಿಗಳ ಗೂಡುಗಳನ್ನು ಧ್ವನಿಮುದ್ರಿಸಿದರು. ಅಲ್ಲಿ ಪ್ರತಿ ಮರಿಗೂ ತನ್ನದೇ ಒಂದು ಕರೆ ಇತ್ತು, ಹೆಸರಿನ ಹಾಗೆ. ಅದು ಹುಟ್ಟಿನಿಂದ ಬಂದದ್ದೋ, ಕಲಿತದ್ದೋ? ತಿಳಿಯಲು ಕೆಲವು ಗೂಡುಗಳ ಮೊಟ್ಟೆಗಳನ್ನು ಅದಲು ಬದಲು ಮಾಡಿದರು. ಮರಿಗಳ ಕರೆ ಹೆತ್ತವರದ್ದನ್ನು ಹೋಲಲಿಲ್ಲ, ಸಾಕಿದವರದ್ದನ್ನು ಹೋಲಿತು. ಹೆಸರಿಟ್ಟದ್ದು ಮನೆಯವರು.

ನಮ್ಮ ಮನೆಯಲ್ಲಿ ಮುತ್ತುವಿನ ಹಿಂಡು ನಾವೇ. ಅಂಗಡಿಗಳಲ್ಲಿ ‘ಹ್ಯಾಂಡ್ ಫೆಡ್’ ಎಂದು ಹೇಳಿ ಮಾರುವ ಮರಿಗಳನ್ನು ಎಳವೆಯಲ್ಲೇ ತಾಯ್ತಂದೆಯಿಂದ ಬೇರ್ಪಡಿಸಿ ಸಿರಿಂಜಿನಲ್ಲೋ ಚಮಚೆಯಲ್ಲೋ ತಿನ್ನಿಸಿ ಬೆಳೆಸಿರುತ್ತಾರೆ. ಅಂಥ ಮರಿಗೆ ಮನುಷ್ಯನೇ ಬಂಧು. ಆ ಬಂಧು ಅಡುಗೆಮನೆಯ ಗೋಡೆಯ ಹಿಂದೆ ಮರೆಯಾದ ಕ್ಷಣ ಅದು ಕರೆಯದೆ ಇದ್ದರೇ ಆಶ್ಚರ್ಯಪಡಬೇಕು.

ಕರೆಯುವುದೇನೋ ಸಹಜ. ಅದು ಕಿರುಚಾಟವಾದದ್ದು ಹೇಗೆ? ಇದಕ್ಕೆ ಉತ್ತರ ಹುಡುಕುತ್ತ ನಾನು ಹೋದದ್ದು ಅಮೆರಿಕದ ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ ಅವರ ಪಾರಿವಾಳಗಳ ಬಳಿಗೆ. ಗುಂಡಿ ಕುಕ್ಕಿದರೆ ಕಾಳು ಬೀಳುವ ಪೆಟ್ಟಿಗೆಯಲ್ಲಿ ಪಾರಿವಾಳ ಬಹುಬೇಗ ಕುಕ್ಕುವುದನ್ನು ಕಲಿಯುತ್ತದೆ. ಫಲ ಸಿಕ್ಕ ನಡವಳಿಕೆ ಮರುಕಳಿಸುತ್ತದೆ. ‘ಅತ್ತರೆ ಹಾಲು’ ಎಂದು ನಮ್ಮ ಹಿರಿಯರಿಗೂ ಗೊತ್ತಿದ್ದ ವಿಷಯ. ಸ್ಕಿನ್ನರ್ ಮತ್ತು ಚಾರ್ಲ್ಸ್ ಫರ್ಸ್ಟರ್ 1957ರ ತಮ್ಮ ಪುಸ್ತಕದಲ್ಲಿ ಇನ್ನೂ ಸೂಕ್ಷ್ಮವಾದುದನ್ನು ದಾಖಲಿಸಿದ್ದಾರೆ. ಪ್ರತಿ ಸಲವೂ ಕಾಳು ಸಿಗುತ್ತಿದ್ದ ಪಾರಿವಾಳ, ಕಾಳು ನಿಂತ ಮೇಲೆ ಬೇಗನೆ ಕೈಬಿಡುತ್ತದೆ. ಒಮ್ಮೆ ಸಿಕ್ಕು, ಒಮ್ಮೆ ಸಿಗದೆ, ಯಾವಾಗ ಸಿಗುತ್ತದೆಂದೇ ತಿಳಿಯದಂತೆ ಅಭ್ಯಾಸವಾದದ್ದು ಮಾತ್ರ ಬೇಗ ಬಿಡುವುದಿಲ್ಲ. ಬಹಳ ಹೊತ್ತು ಕುಕ್ಕುತ್ತಲೇ ಇರುತ್ತದೆ.

ಇದನ್ನು ಓದಿದಾಗ ನಮ್ಮ ಹಜಾರವೇ ಕಣ್ಣಮುಂದೆ ಬಂತು. ಕೆಲಸವಿದ್ದಾಗ ನಾನು ಹತ್ತು ಕೂಗು ಸಹಿಸುತ್ತಿದ್ದೆ, ಹನ್ನೊಂದನೆಯದಕ್ಕೆ ಓಡಿ ಬರುತ್ತಿದ್ದೆ. ಕೆಲವು ದಿನ ಮೂರನೆಯದಕ್ಕೇ. ಮಗ ಕೋಣೆಯಿಂದ "ಏ ಮುತ್ತು, ಸುಮ್ನಿರೋ!" ಎಂದು ಗದರುತ್ತಿದ್ದ. ನಮಗೆ ಅದು ಗದರಿಕೆ, ಹಕ್ಕಿಗೆ ಅದು ಓಗೊಟ್ಟ ದನಿ. ಅದೂ ತನ್ನಷ್ಟೇ ಗಟ್ಟಿಯಾಗಿ. ಮೃದುವಾಗಿ ಚಿಲಿಪಿಲಿಗುಟ್ಟುತ್ತ, ಕೊಕ್ಕು ತೇಯುತ್ತ ಅವನು ಕೂತಿದ್ದ ಗಂಟೆಗಳಲ್ಲಿ ಯಾರೂ ತಿರುಗಿ ನೋಡುತ್ತಿರಲಿಲ್ಲ. ಸದ್ಯ ಸುಮ್ಮನಿದ್ದಾನೆ, ಎಬ್ಬಿಸಬೇಡಿ ಎಂದು ಬೆರಳ ತುದಿಯಲ್ಲಿ ನಡೆಯುತ್ತಿದ್ದೆವು. ಮೆಲುದನಿಗೆ ಬೆಲೆಯಿಲ್ಲ, ಕಿರುಚಿದರೆ ಉಂಟು ಎಂದು ಆರು ತಿಂಗಳು ದಿನವೂ ಪಾಠ ಹೇಳಿಕೊಟ್ಟವರು ನಾವು.

‘ನಿರ್ಲಕ್ಷಿಸಿ, ತಾನೇ ನಿಲ್ಲಿಸುತ್ತದೆ’ ಎಂಬ ಸಲಹೆ ಎಲ್ಲರ ಬಾಯಲ್ಲೂ ಇದೆ. ಅದನ್ನೂ ಮಾಡಿ ನೋಡಿದೆ. ಎರಡನೆಯ ದಿನ ಕೂಗು ಇಮ್ಮಡಿಯಾಯಿತು. ಫಲ ನಿಂತಾಗ ನಡವಳಿಕೆ ಕುಗ್ಗುವ ಮೊದಲು ಒಮ್ಮೆ ಉಕ್ಕುತ್ತದೆ ಎಂಬುದು ಪ್ರಯೋಗಶಾಲೆಗಳಲ್ಲಿ ಚೆನ್ನಾಗಿ ಗೊತ್ತಿರುವ ಸಂಗತಿ. ಒತ್ತಿದರೂ ಲಿಫ್ಟ್ ಬಾರದಿದ್ದಾಗ ನಾವು ಗುಂಡಿಯನ್ನು ಇನ್ನೂ ಜೋರಾಗಿ, ಮತ್ತೆ ಮತ್ತೆ ಒತ್ತುವುದಿಲ್ಲವೇ, ಹಾಗೆ. ಆ ಉಕ್ಕಿನ ತುದಿಯಲ್ಲಿ ಸೋತು ಓಡಿ ಬಂದವರು ಹಕ್ಕಿಗೆ ಕಲಿಸುವುದು ಒಂದೇ: ಇನ್ಮುಂದೆ ಇಷ್ಟು ಕೂಗಿದರೆ ಮಾತ್ರ ಸಾಲುತ್ತದೆ. ನಾನೂ ಸೋತೆ.

ಆದರೆ ನಿರ್ಲಕ್ಷ್ಯ ಸರಿಯಲ್ಲ ಎಂದು ನನಗನ್ನಿಸಲು ಬೇರೆಯೇ ಕಾರಣವಿದೆ. ಪಾರಿವಾಳದ ಗುಂಡಿಯಂತೆ ಇದು ಕೇವಲ ಕಾಳಿಗಾಗಿ ಕಲಿತ ಚಟವಲ್ಲ. ಅಡಿಯಲ್ಲಿ ಒಂದು ನಿಜವಾದ ಪ್ರಶ್ನೆ ಇದೆ. ಉತ್ತರವನ್ನೇ ಕಿತ್ತುಕೊಂಡರೆ ಪ್ರಶ್ನೆ ಸಾಯುವುದಿಲ್ಲ, ಹಕ್ಕಿ ಮಾತ್ರ ಕಂಗೆಡುತ್ತದೆ. ಉತ್ತರ ಕೊಡಲೇಬೇಕು. ಯಾವ ಸದ್ದಿಗೆ, ಯಾವ ಗಳಿಗೆಯಲ್ಲಿ ಕೊಡಬೇಕು ಎಂಬುದಷ್ಟೇ ನಮ್ಮ ಕೈಯಲ್ಲಿರುವುದು.

ಹಾಗಾಗಿ ಮೊದಲು ಒಂದು ವಾರ ಬರೆದಿಟ್ಟುಕೊಂಡೆ. ಕೂಗಿದ್ದು ಎಷ್ಟು ಹೊತ್ತಿಗೆ, ಅದಕ್ಕೆ ಮುಂಚೆ ಏನಾಯಿತು, ಆಮೇಲೆ ನಾವೇನು ಮಾಡಿದೆವು. ಹಾಲಿನ ಲೆಕ್ಕದ ಪುಸ್ತಕದ ಹಿಂಬದಿಯ ಈ ಮೂರು ಕಾಲಂಗಳು ಎಷ್ಟೋ ಗೊಂದಲ ಬಿಡಿಸಿದವು. ಬೆಳಕು ಹರಿಯುವಾಗ ಮತ್ತು ಸಂಜೆ ಕವಿಯುವಾಗಿನ ಗದ್ದಲಕ್ಕೆ ನಾವು ಕಾರಣವೇ ಅಲ್ಲ; ಗೂಡು ಬಿಡುವ, ಗೂಡು ಸೇರುವ ಹೊತ್ತಿನಲ್ಲಿ ಹಿಂಡಿನ ಹಕ್ಕಿಗಳೆಲ್ಲ ಗದ್ದಲ ಮಾಡುತ್ತವೆ. ಅದನ್ನು ಒಪ್ಪಿಕೊಂಡೆವು. ಹೊರಗೆ ಹದ್ದು ಹಾಯ್ದಾಗ ಬರುವ ಕೂಗು ಬೇರೆ, ಮೈ ಸೆಟೆಸಿ, ಜುಟ್ಟು ನೆಟ್ಟಗೆ ನಿಲ್ಲಿಸಿ ಕೂಗುವಂಥದ್ದು. ಪಂಜರವನ್ನು ಕಿಟಕಿಯಿಂದ ಸರಿಸಿ ಒಂದು ಬದಿಗೆ ಗೋಡೆ ಸಿಗುವಂತೆ ಇಟ್ಟ ಮೇಲೆ ಅದು ಕಡಿಮೆಯಾಯಿತು. ಉಳಿದದ್ದು, ಅಂದರೆ ಬಹುಪಾಲು, ನಾನು ಕಣ್ಮರೆಯಾದ ಕೂಡಲೇ ಬರುತ್ತಿದ್ದ ಕೂಗು.

ಅದಕ್ಕೆ ಎರಡು ಸ್ವರದ ಒಂದು ಸಿಳ್ಳೆ ಆರಿಸಿದೆ, ಮೇಲಿನಿಂದ ಕೆಳಕ್ಕೆ ಇಳಿಯುವಂಥದ್ದು. ಕಾಕಟೀಲ್‌ಗಳಲ್ಲಿ ಗಂಡುಗಳಿಗೆ ಸಿಳ್ಳೆಯ ಮೇಲೆ ಒಲವು ಹೆಚ್ಚು. ಕೇಳಿದ ಸದ್ದನ್ನು ಕಲಿತು ನುಡಿಯುವ ಶಕ್ತಿ ಪ್ರಾಣಿಲೋಕದಲ್ಲಿ ಅಪರೂಪ, ಗಿಳಿ ಬಳಗಕ್ಕೆ ಅದು ಒಲಿದಿದೆ. ಜಪಾನಿನ ಐಚಿ ವಿಶ್ವವಿದ್ಯಾಲಯದ ಯೋಶಿಮಾಸ ಸೆಕಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೈಯಲ್ಲಿ ಬೆಳೆದ ಮೂರು ಕಾಕಟೀಲ್‌ಗಳು ಮಿಕ್ಕಿ ಮೌಸ್ ಹಾಡಿನ ಧಾಟಿಯನ್ನು ಕಲಿತದ್ದಷ್ಟೇ ಅಲ್ಲ, ಧ್ವನಿಮುದ್ರಿಕೆ ಹಾಕಿದಾಗ ಅದರ ಜೊತೆಜೊತೆಗೆ ದನಿಗೂಡಿಸಿದವು. ಮುಗಿದ ಮೇಲೆ ಅನುಕರಿಸಿದ್ದಲ್ಲ, ನಡೆಯುತ್ತಿದ್ದ ಹಾಡಿಗೆ ಸೇರಿಕೊಂಡದ್ದು. ನನಗೆ ಬಹಳ ಇಷ್ಟವಾದ ಅಧ್ಯಯನವಿದು. ಈ ಹಕ್ಕಿಗೆ ದನಿಯೆಂದರೆ ಜೊತೆ ಎಂದು ಇದಕ್ಕಿಂತ ಚೆನ್ನಾಗಿ ಹೇಳುವುದು ಹೇಗೆ?

ಸಿಳ್ಳೆಯನ್ನು ಮೊದಲು ಪಂಜರದ ಎದುರೇ ಆಡಿದೆ, ಜೊತೆಗೊಂದು ಸೂರ್ಯಕಾಂತಿ ಬೀಜ. ಆಮೇಲೆ ಬಾಗಿಲ ಆಚೆಗೆ ಒಂದೇ ಹೆಜ್ಜೆ ಇಟ್ಟು, ಅವನು ಕೂಗುವ ಮೊದಲೇ ಸಿಳ್ಳೆ ಹಾಕಿ ಮರಳಿದೆ. ಗುಟ್ಟೆಲ್ಲ ಈ ‘ಮೊದಲೇ’ಯಲ್ಲಿದೆ. ಐದು ಸೆಕೆಂಡು, ಹತ್ತು, ಅರ್ಧ ನಿಮಿಷ. ಅವನು ತಾಳಬಲ್ಲ ಹೊತ್ತಿಗಿಂತ ತುಸು ಮುಂಚೆಯೇ ನನ್ನ ಉತ್ತರ ಹೋಗಬೇಕು. ಕೂಗು ಶುರುವಾಗಿಬಿಟ್ಟರೆ ಗೋಡೆಯ ಹಿಂದೆ ನಿಂತು ಕಾಯುವುದು. ಎಷ್ಟೇ ಕೂಗುವ ಹಕ್ಕಿಯೂ ಉಸಿರೆಳೆಯಲು ನಿಲ್ಲಿಸಲೇಬೇಕು. ಆ ಎರಡು ಸೆಕೆಂಡಿನ ಮೌನ ಸಿಕ್ಕಿದ ತಕ್ಷಣ ಸಿಳ್ಳೆ ಹಾಕಿ ಒಳಬರುವುದು. ಸ್ವಲ್ಪ ತಡವಾದರೂ ಮುಂದಿನ ಕೂಗಿಗೇ ಫಲ ಕೊಟ್ಟಂತೆ. ಮನೆಯವರೆಲ್ಲ ಇದನ್ನೇ ಪಾಲಿಸಬೇಕಾದ್ದು ಎಲ್ಲಕ್ಕಿಂತ ಕಷ್ಟದ ಭಾಗ. ಒಬ್ಬರು ಮೌನಕ್ಕೆ ಬಂದು ಇನ್ನೊಬ್ಬರು ಕೂಗಿಗೆ ಬಂದರೆ ಸ್ಕಿನ್ನರ್ ಅವರ ಹಟಮಾರಿ ಪಾರಿವಾಳವೇ ತಯಾರಾಗುತ್ತದೆ.

ಹದಿನೆಂಟನೆಯ ದಿನ ನಾನು ಬಟ್ಟೆ ಒಣಗಿಸುತ್ತಿದ್ದಾಗ ಹಜಾರದಿಂದ ಆ ಎರಡು ಸ್ವರ ಬಂದವು. ಎರಡನೆಯದು ಇನ್ನೂ ಸೊಟ್ಟಗಿತ್ತು. ಕೈಯಲ್ಲಿದ್ದ ಬಟ್ಟೆ ಬಿಟ್ಟು ಓಡಿದೆ. ಓಡಲೇಬೇಕಾದ ಗಳಿಗೆ ಅದೊಂದೇ.

ಸಿಳ್ಳೆಯೊಂದೇ ಎಲ್ಲವನ್ನೂ ಸರಿಪಡಿಸುವುದಿಲ್ಲ. ಬಯಲಿನ ಕಾಕಟೀಲ್ ಹೊಟ್ಟೆ ತುಂಬಿಸಲು ಗಂಟೆಗಟ್ಟಲೆ ನೆಲ ಕೆದಕುತ್ತದೆ; ಬಟ್ಟಲ ಮುಂದೆ ಕೂತ ಹಕ್ಕಿಯ ಊಟ ಕೆಲವೇ ನಿಮಿಷಕ್ಕೆ ಮುಗಿಯುತ್ತದೆ. ಉಳಿದ ಹಗಲು ಖಾಲಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್‌ನಲ್ಲಿ ಶೆರಿಲ್ ಮೀಹನ್ ಮತ್ತು ಸಂಗಡಿಗರು 2003ರಲ್ಲಿ ಎಳೆಯ ಅಮೆಜಾನ್ ಗಿಳಿಗಳ ಮೇಲೆ ಮಾಡಿದ ಅಧ್ಯಯನ ಹೇಳುವುದೂ ಇದನ್ನೇ: ತಿನಿಸನ್ನು ಹುಡುಕಿ, ಬಿಡಿಸಿ ತಿನ್ನುವ ಕೆಲಸ ಮತ್ತು ಹತ್ತಿ ಇಳಿಯಲು ಬಗೆಬಗೆಯ ವಸ್ತುಗಳು ಸಿಕ್ಕ ಹಕ್ಕಿಗಳು ತಮ್ಮ ಗರಿ ತಾವೇ ಕಿತ್ತುಕೊಳ್ಳುವುದು ಕಡಿಮೆಯಾಯಿತು. ನಮ್ಮಲ್ಲಿ ಇದಕ್ಕೆ ದುಡ್ಡು ಸುರಿಯಬೇಕಿಲ್ಲ. ಅಂಗಡಿಯಲ್ಲಿ ಇಂಗ್ಲಿಷ್ ಹೆಸರಿಟ್ಟು ಪೊಟ್ಟಣದಲ್ಲಿ ಮಾರುವ ತೆನೆ ನಮ್ಮ ನವಣೆಯೇ. ಒಂದು ತೆನೆಯನ್ನು ಕಾಗದದಲ್ಲಿ ಸುತ್ತಿ ಕಟ್ಟಿದರೆ, ನುಗ್ಗೆ ಸೊಪ್ಪಿನ ಕಡ್ಡಿಯನ್ನು ಪಂಜರದ ಮೇಲೆ ಸಿಕ್ಕಿಸಿದರೆ ಮುತ್ತುವಿಗೆ ಅರ್ಧ ಗಂಟೆಯ ಕೆಲಸ. ದಿನಕ್ಕೊಮ್ಮೆ ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ ಹಾರಲು ಬಿಡುತ್ತೇವೆ. ರಾತ್ರಿ ಅವನಿಗೆ ಹತ್ತು-ಹನ್ನೆರಡು ತಾಸಿನ ನಿದ್ದೆ ಬೇಕು. ಹನ್ನೊಂದರವರೆಗೆ ಟಿವಿ ನಡೆಯುವ ಹಜಾರದಲ್ಲಿ ಅದು ಸಿಗದು. ಕತ್ತಲಲ್ಲಿ ಬೆಚ್ಚಿ ಪಂಜರಕ್ಕೆ ಬಡಿದುಕೊಳ್ಳುವ ಸ್ವಭಾವ ಈ ಜಾತಿಗಿರುವುದರಿಂದ ಸಣ್ಣ ದೀಪವೊಂದನ್ನು ಉಳಿಸುತ್ತೇವೆ.

ಕೂಗಿದಾಗ ಬಟ್ಟೆ ಮುಚ್ಚುವುದು, ನೀರು ಚಿಮುಕಿಸುವುದು, ಪಂಜರ ತಟ್ಟುವುದು ಇವೆಲ್ಲ ಆ ಕ್ಷಣಕ್ಕೆ ಬಾಯಿ ಮುಚ್ಚಿಸುತ್ತವೆ. ಎಲ್ಲಿದ್ದೀ ಎಂದು ಕೇಳಿದವನಿಗೆ ಭಯವೇ ಉತ್ತರವಾಗುತ್ತದೆ. ನನ್ನ ಕಣ್ಣಿಗೆ ಅದು ಕ್ರೌರ್ಯ. ಇನ್ನು, ಕೂಗುವ ಹಕ್ಕಿ ಇದ್ದಕ್ಕಿದ್ದಂತೆ ಮೌನವಾದರೆ, ಇಲ್ಲವೇ ಕೂಗಿನ ಬಗೆಯೇ ಬದಲಾದರೆ ತಡಮಾಡದೆ ಪಶುವೈದ್ಯರಿಗೆ ತೋರಿಸಬೇಕು. ಹಕ್ಕಿಗಳು ಕಾಯಿಲೆಯನ್ನು ಕೊನೆಯವರೆಗೂ ಮುಚ್ಚಿಡುತ್ತವೆ.

‘ಜೊತೆಗೆ ಇನ್ನೊಂದು ತಂದುಬಿಡಿ’ ಎನ್ನುವವರೂ ಇದ್ದಾರೆ. ಒಂಟಿತನ ಹಕ್ಕಿಯ ಮೈಯೊಳಗೇ ಗುರುತು ಬಿಡುತ್ತದೆ ಎಂಬುದು ಸುಳ್ಳಲ್ಲ. 2014ರಲ್ಲಿ ವಿಯೆನ್ನಾದ ಸಂಶೋಧಕರು, ಒಂಟಿಯಾಗಿ ಸಾಕಿದ ಆಫ್ರಿಕದ ಬೂದು ಗಿಳಿಗಳ ಟೆಲೊಮಿಯರ್‌ಗಳು, ಅಂದರೆ ವರ್ಣತಂತುಗಳ ತುದಿಯ ಟೋಪಿಗಳು, ಜೋಡಿಯಲ್ಲಿದ್ದ ಅದೇ ವಯಸ್ಸಿನ ಗಿಳಿಗಳಿಗಿಂತ ಮೊಟಕಾಗಿದ್ದುದನ್ನು ಕಂಡರು. ಆದರೂ ಸದ್ದಡಗಿಸಲೆಂದು ಎರಡನೆಯ ಹಕ್ಕಿ ತರುವುದು ನನಗೆ ಒಪ್ಪಿಗೆಯಿಲ್ಲ. ಅವೆರಡೂ ಹೊಂದದಿದ್ದರೆ ಎರಡು ಪಂಜರ, ಎರಡು ಕೂಗು. ಆರೈಕೆ ಚೆನ್ನಾಗಿದ್ದರೆ ಕಾಕಟೀಲ್ ಹದಿನೈದು, ಇಪ್ಪತ್ತು ವರ್ಷ ಬದುಕುತ್ತದೆ. ನಮ್ಮ ನಾಡಿನ ಗಿಳಿಗಳನ್ನು ಸಾಕುವುದು 1972ರ ವನ್ಯಜೀವಿ ಕಾಯ್ದೆಯಂತೆ ಅಪರಾಧವಾದ್ದರಿಂದ ಗಿಳಿಯ ಆಸೆಯವರೆಲ್ಲ ಈ ವಿದೇಶಿ ಹಕ್ಕಿಯತ್ತ ತಿರುಗಿದ್ದಾರೆ. ಬೆಳಿಗ್ಗೆ ಒಂಬತ್ತಕ್ಕೆ ಬೀಗ ಹಾಕಿ ರಾತ್ರಿ ಎಂಟಕ್ಕೆ ತೆಗೆಯುವ ಮನೆಗೆ ಒಂದೇ ಒಂದು ಮರಿಯನ್ನು ಒಯ್ಯುವವರನ್ನು ಕಂಡಾಗ ತಡೆದು ಮಾತಾಡಿಸಬೇಕೆನಿಸುತ್ತದೆ. ಕೆಲವೊಮ್ಮೆ ಮಾತಾಡಿಸಿದ್ದೇನೆ.

ಮುತ್ತು ಈಗಲೂ ಬೆಳಗಿನ ಆರಕ್ಕೆ ಗದ್ದಲ ಮಾಡುತ್ತಾನೆ. ನೆಂಟರು ಬಂದ ದಿನ ಹಳೆಯ ಕೂಗು ಮರಳುತ್ತದೆ, ನಾವು ಮತ್ತೆ ಗೋಡೆಯ ಹಿಂದೆ ನಿಂತು ಅವನ ಉಸಿರಿನ ಬಿಡುವಿಗೆ ಕಾಯುತ್ತೇವೆ. ಇವತ್ತು ತಲೆಗೆ ಸೀಗೆಪುಡಿ ಹಾಕಿಕೊಂಡು ಬಚ್ಚಲಲ್ಲಿ ಕೂತಿದ್ದಾಗ ಆ ಎರಡು ಸ್ವರ ಕೇಳಿಸಿದವು. ಕಣ್ಣು ಮುಚ್ಚಿಕೊಂಡೇ ಸಿಳ್ಳೆ ಹಾಕಿದೆ. ಹಜಾರದಲ್ಲಿ ಕಾಗದ ಹರಿಯುವ ಸದ್ದು ಮತ್ತೆ ಶುರುವಾಯಿತು.